ಅರೆಯಬಾರದ ಪುದೀನ

ಮೊದಲ ಶನಿವಾರ, ಸಂಜೆ

ಮೊಣಕಾಲಿನ ಚಿಕಿತ್ಸೆಗೆಂದು ಮೈಸೂರಿನಿಂದ ಬಂದು ಬೆಂಗಳೂರಿನಲ್ಲಿ ತಂಗಿಯ ಮಗನ ಮನೆಯಲ್ಲಿದ್ದೇನೆ. ಸಂಜೆ ಅವನೂ ಅವನ ಹೆಂಡತಿಯೂ ಅಡುಗೆಮನೆ ಕಟ್ಟೆಯ ಮೇಲೆ ಒಂದು ಕಟ್ಟು ಪುದೀನ, ನಾಲ್ಕು ನಿಂಬೆಹಣ್ಣು, ಸಕ್ಕರೆ ಡಬ್ಬಿ, ಸೋಡಾ ಬಾಟಲಿ ತಂದಿಟ್ಟರು. ಶರಬತ್ತು ಮಾಡುತ್ತಾರೆ ಅಂದುಕೊಂಡೆ. ಹಿಂದೆಯೇ ಬಿಳಿ ರಮ್ಮಿನ ಬಾಟಲಿಯೂ ಬಂತು. “ಮೊಹಿತೊ ದೊಡ್ಡಮ್ಮ, ಕ್ಯೂಬಾದ್ದು. ನಿಮಗೆ ರಮ್ ಹಾಕದೆ ಮಾಡಿಕೊಡ್ತೀನಿ” ಅಂದ.

ನಾನು ಮದ್ಯ ಮುಟ್ಟಿದವಳಲ್ಲ. ಆದರೆ ಅಲ್ಲಿದ್ದ ಐದು ಸಾಮಾನಿನಲ್ಲಿ ನಾಲ್ಕರ ಜೊತೆ ನಲವತ್ತು ವರ್ಷ ಅಡುಗೆ ಮಾಡಿದ್ದೇನೆ. ಸ್ಟೂಲು ಎಳೆದುಕೊಂಡು ಕೂತೆ.

ಪುದೀನ ಎಲೆ ಬಿಡಿಸಿ ಕುಟ್ಟಾಣಿಗೆ ಹಾಕಿ, ಸಕ್ಕರೆ ಸೇರಿಸಿ ಚೆನ್ನಾಗಿ ಜಜ್ಜಿದ. ಅದನ್ನು ಲೋಟಕ್ಕೆ ಬಳಿದು ಹಾಕಿ, ರಮ್ ಸುರಿದು, ಎರಡು ತುಂಡು ಐಸ್ ಬಿಟ್ಟು, ಸೋಡಾ ಹೊಯ್ದ. ನಿಂಬೆ ಹಿಂಡಿದ್ದು ಕೊನೆಗೆ. ಸೋಡಾ ಬಿದ್ದ ತಕ್ಷಣ ಹಸಿರು ನೊರೆ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ನೊರೆ ಇಳಿದಾಗ ಲೋಟದಲ್ಲಿ ಉಳಿದದ್ದು ಪಾಚಿಗಟ್ಟಿದ ಕಲ್ಯಾಣಿಯ ನೀರಿನ ಬಣ್ಣ. ನನ್ನ ಲೋಟವೂ ಹಾಗೇ ಇತ್ತು. ಮೊದಲ ಗುಟುಕು ಹುಳಿ, ನುಂಗಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಕಹಿ, ಹಲ್ಲಿನ ಸಂದಿಯಲ್ಲೆಲ್ಲ ಎಲೆಯ ಚೂರು. ಅವನ ಲೋಟದ ತಳದಲ್ಲಿ ಸಕ್ಕರೆ ಹಾಗೇ ಕೂತಿತ್ತು. ಸೋಡಾ ಸತ್ತುಹೋಗಿತ್ತು.

ಇಬ್ಬರ ಮುಖವೂ ಬಾಡಿತು. ಒಂದೊಂದನ್ನೇ ಬಾಯಿಗೆ ಹಾಕಿಕೊಂಡರೆ ಇದರಲ್ಲಿ ಯಾವುದೂ ಕೆಟ್ಟದ್ದಲ್ಲ. ಸೇರಿದಾಗ ಇಷ್ಟು ಕೆಟ್ಟದ್ದು ಹೇಗಾಯಿತು?

ಅದೇ ರಾತ್ರಿ

ನಿದ್ದೆ ಬರಲಿಲ್ಲ, ಬರೆದಿಡುತ್ತೇನೆ.

ಕಹಿ ಎಲ್ಲಿಂದ ಬಂತು? ಚಟ್ನಿಗೆ ಇದೇ ಎಲೆಯನ್ನು ನುಣ್ಣಗೆ ಅರೆಯುತ್ತೇವೆ, ಕಹಿ ಅನ್ನಿಸುವುದಿಲ್ಲ. ಆದರೆ ಚಟ್ನಿಗೆ ಎಲೆಯನ್ನು ಎಣ್ಣೆಯಲ್ಲಿ ಬಾಡಿಸುತ್ತೇವೆ. ಕಾಯಿ ಇರುತ್ತದೆ, ಹುಣಸೆಹಣ್ಣು, ಹಸಿಮೆಣಸಿನಕಾಯಿ, ಎಲ್ಲಕ್ಕಿಂತ ಮುಖ್ಯವಾಗಿ ಉಪ್ಪು ಇರುತ್ತದೆ. ಉಪ್ಪು ಕಹಿಯನ್ನು ಅಡಗಿಸುತ್ತದೆ. ಹಾಗಲಕಾಯಿ ಹೆಚ್ಚಿ ಉಪ್ಪು ಸವರಿಡುವ ಎಲ್ಲರಿಗೂ ಇದು ಗೊತ್ತು. ಈ ಲೋಟದಲ್ಲಿ ಉಪ್ಪಿಲ್ಲ, ಜಿಡ್ಡಿಲ್ಲ. ಎಲೆಯಿಂದ ಏನು ಬಂದರೂ ಸೀದಾ ನಾಲಿಗೆಗೆ.

ಹಾಗಾದರೆ ಕ್ಯೂಬಾದವರು ಕಹಿ ಬರದ ಹಾಗೆ ಹೇಗೆ ಮಾಡುತ್ತಾರೆ? ಅಲ್ಲಿಯ ಎಲೆಯೇ ಬೇರೆಯೋ, ಕೈಯೇ ಬೇರೆಯೋ?

ಭಾನುವಾರ

ಪಂಚಾಂಗ ಓದಲು ಇಟ್ಟುಕೊಂಡ ಭೂತಗನ್ನಡಿ ತೆಗೆದು, ಬಿಸಿಲಿಗೆ ಹಿಡಿದು, ಉಳಿದ ಪುದೀನದ ಒಂದು ಎಲೆಯನ್ನು ನೋಡಿದೆ. ಎಲೆಯ ಬೆನ್ನಿನ ತುಂಬ ಸೂಜಿಮೊನೆಯಷ್ಟು ಸಣ್ಣ ಹೊಳೆಯುವ ಚುಕ್ಕಿಗಳು, ಬೆಳಗಿನ ಇಬ್ಬನಿ ಕೂತ ಹಾಗೆ. ಬೆರಳು ಸವರಿದೆ. ಎಲೆ ಹರಿಯಲಿಲ್ಲ, ಕಲೆಯೂ ಆಗಲಿಲ್ಲ. ಬೆರಳಿಗೆ ಮಾತ್ರ ಘಮ್ಮೆನ್ನುವ ವಾಸನೆ ಹತ್ತಿತು.

ಸೊಸೆ ಸಸ್ಯಶಾಸ್ತ್ರ ಓದಿದವಳು, ಅವಳು ಬಿಡಿಸಿ ಹೇಳಿದಳು. ಪುದೀನದ ಪರಿಮಳ ಎಲೆಯ ಒಳಗಿಲ್ಲ, ಮೇಲಿದೆ. ಆ ಚುಕ್ಕಿಗಳು ಎಣ್ಣೆ ತುಂಬಿದ ಗ್ರಂಥಿಗಳು, ಒಂದೊಂದೂ ಸಣ್ಣ ಚೀಲ. ತೆಳ್ಳನೆಯ ಪೊರೆ, ಸ್ವಲ್ಪ ಒತ್ತಿದರೆ ಒಡೆಯುತ್ತದೆ. ಎಲೆಯ ಒಳಗಿರುವುದು ಹರಿತ್ತು, ನಾರು, ಒಗರು. ಅದನ್ನು ಜಜ್ಜಿ ತೆಗೆದರೆ ಹಸಿ ಹುಲ್ಲಿನ ವಾಸನೆ, ಕಹಿ, ಸ್ವಲ್ಪ ಹೊತ್ತಿಗೆ ಕಪ್ಪು ಬಣ್ಣ. ನಮಗೆ ಬೇಕಾದ್ದು ಹೊರಗಿದೆ, ಬೇಡದ್ದು ಒಳಗಿದೆ. ನಿನ್ನೆ ನಾವು ಬೀಗವಿಲ್ಲದ ಮನೆಯ ಗೋಡೆ ಒಡೆದಿದ್ದೆವು.

ಈ ವಿಷಯ ನನಗೆ ಯಾಕೆ ಇಷ್ಟು ಹಿಡಿಸಿತು ಅಂದರೆ, ಸೊಪ್ಪು ಅಂದ ಕೂಡಲೆ ನಮ್ಮ ಕೈ ಹೆಚ್ಚಬೇಕು, ಬೇಯಿಸಬೇಕು, ಅರೆಯಬೇಕು ಅನ್ನುತ್ತದೆ. ಬರೀ ಒತ್ತಿ ಬಿಟ್ಟುಬಿಡುವ ಸೊಪ್ಪು ನನ್ನ ಅಡುಗೆಯಲ್ಲಿ ಒಂದೂ ಇಲ್ಲ. ದೇವರ ಮನೆಯಲ್ಲಿದೆ. ತೀರ್ಥಕ್ಕೆ ತುಳಸಿ ಹಾಗೇ ಹಾಕುತ್ತೇವೆ, ಜಜ್ಜುವುದಿಲ್ಲ. ತುಳಸಿಯೂ ಪುದೀನವೂ ಒಂದೇ ಕುಟುಂಬದ ಗಿಡಗಳಂತೆ.

ಭಾನುವಾರ, ಮಧ್ಯಾಹ್ನ

ಪುದೀನದ ಪರಿಮಳಕ್ಕೆ ಕಾರಣವಾದ ವಸ್ತುವಿನ ಹೆಸರು ಕಾರ್ವೋನ್. ಇದರದೇ ಪ್ರತಿಬಿಂಬವಿದೆ. ಎಡಗೈಗೆ ಬಲಗೈ ಹೇಗೋ ಹಾಗೆ, ಅದೇ ಪರಮಾಣುಗಳು, ಅದೇ ಜೋಡಣೆ, ದಿಕ್ಕು ಮಾತ್ರ ತಿರುವು. ಆ ಪ್ರತಿಬಿಂಬ ಸಬ್ಬಸಿಗೆ ಬೀಜದಲ್ಲಿದೆ. ಒಂದನ್ನು ಮೂಸಿದರೆ ಪುದೀನ, ಇನ್ನೊಂದನ್ನು ಮೂಸಿದರೆ ಸಬ್ಬಸಿಗೆ. ಎಡಗೈ ಯಾವುದು ಬಲಗೈ ಯಾವುದು ಅಂತ ಮೂಗಿಗೆ ಹೇಗೆ ಗೊತ್ತಾಗುತ್ತದೆ? ಎಡಗಾಲಿನ ಚಪ್ಪಲಿಗೆ ಬಲಗಾಲು ಹೊಂದದ ಹಾಗೆ ಮೂಗಿನಲ್ಲೂ ಒಂದೊಂದಕ್ಕೆ ಒಂದೊಂದು ಅಚ್ಚು ಇದೆ ಅಂದಳು ಸೊಸೆ. ಅರ್ಥವಾಯಿತು. ಆಶ್ಚರ್ಯ ಹೋಗಲಿಲ್ಲ.

ಗಂಟಲಿಗೆ ತಂಪಾಗುವುದು ಇನ್ನೊಂದು ವಸ್ತುವಿನಿಂದ, ಅದು ಮೆಂಥಾಲ್. ನಮ್ಮ ಚರ್ಮದಲ್ಲಿ, ಬಾಯಲ್ಲಿ ತಣ್ಣನೆಯದನ್ನು ಗುರುತಿಸುವ ಒಂದು ಬಾಗಿಲಿದೆ, ಅದಕ್ಕೆ ಟಿಆರ್‌ಪಿಎಂ8 ಅಂತ ಹೆಸರು. ಚಳಿಗೆ ತೆರೆಯುವ ಆ ಬಾಗಿಲು ಮೆಂಥಾಲ್ ತಟ್ಟಿದರೂ ತೆರೆಯುತ್ತದೆ. ಬಾಯಿ ತಣ್ಣಗಾಗಿರುವುದಿಲ್ಲ, ತಣ್ಣಗಾಯಿತು ಅನ್ನಿಸುತ್ತದೆ. 2002ರಲ್ಲಿ ಇದನ್ನು ಕಂಡುಹಿಡಿದವರಲ್ಲಿ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್ ಇದ್ದರು. ಸ್ಪರ್ಶ ಮತ್ತು ತಾಪದ ಕುರಿತ ಕೆಲಸಕ್ಕೆ 2021ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಎಲ್ಲ ಪುದೀನವೂ ಒಂದೇ ಅಲ್ಲ ಅನ್ನುವುದನ್ನೂ ಗುರುತು ಹಾಕಿಕೊಂಡೆ. ಉತ್ತರ ಪ್ರದೇಶದ ಬಾರಾಬಂಕಿ ಕಡೆ ಎಣ್ಣೆಗಾಗಿ ಬೆಳೆಯುವ ಜಾತಿಯಲ್ಲಿ ಮೆಂಥಾಲೇ ಹೆಚ್ಚು. ನೋವಿನ ಮುಲಾಮಿಗೆ, ಹಲ್ಲಿನ ಪೇಸ್ಟಿಗೆ ಹೋಗುವುದು ಅದು. ಅದನ್ನು ಲೋಟಕ್ಕೆ ಹಾಕಿದರೆ ಪೇಸ್ಟು ಕುಡಿದ ಹಾಗಾಗುತ್ತದೆ. ಸೊಪ್ಪಿನಮ್ಮ ತರುವ, ನಾವು ಪಲಾವಿಗೆ ಹಾಕುವ ಸುಕ್ಕುಸುಕ್ಕು ಎಲೆಯದೇ ಇದಕ್ಕೆ ಸರಿ. ಕ್ಯೂಬಾದವರು ತಮ್ಮ ಪುದೀನವನ್ನು ಯೆರ್ಬಾ ಬ್ವೆನಾ ಅನ್ನುತ್ತಾರೆ. ‘ಒಳ್ಳೆ ಸೊಪ್ಪು’ ಅಂತ ಅರ್ಥ.

ಬುಧವಾರ

ಹುಡುಗ ಎಲ್ಲಿಂದಲೋ ಅಳತೆ ಹುಡುಕಿ ತಂದ. ಅಂತರರಾಷ್ಟ್ರೀಯ ಬಾರ್‌ಟೆಂಡರುಗಳ ಸಂಘ ಒಪ್ಪಿದ ಅಳತೆಯಂತೆ: ಬಿಳಿ ಕ್ಯೂಬನ್ ರಮ್ 45 ಎಂಎಲ್, ಆಗ ಹಿಂಡಿದ ನಿಂಬೆರಸ 20 ಎಂಎಲ್, ಪುದೀನದ ಆರು ಕುಡಿ, ಎರಡು ಟೀ ಚಮಚ ಸಕ್ಕರೆ, ಸೋಡಾ. ಅಳತೆಗಿಂತ ನನಗೆ ಮುಖ್ಯ ಅನ್ನಿಸಿದ್ದು ಕ್ರಮ. ಮೊದಲು ಪುದೀನ, ಸಕ್ಕರೆ, ನಿಂಬೆರಸ. ಆಮೇಲೆ ಚೂರು ಸೋಡಾ. ಆಮೇಲೆ ಲೋಟದ ತುಂಬ ಐಸ್. ಅದರ ಮೇಲೆ ರಮ್. ಕಡೆಗೆ ಸೋಡಾ ತುಂಬಿಸಿ, ಮೆಲ್ಲಗೆ ಒಂದು ಸಲ ತಿರುವುವುದು.

ನಿಂಬೆ ಯಾಕೆ ಮೊದಲು? ಸಕ್ಕರೆ ಕರಗಲು. ರಾಮನವಮಿಯ ಪಾನಕಕ್ಕೆ ಮೊದಲು ಬೆಲ್ಲ ನೆನೆಹಾಕುತ್ತೇವೆ, ಉಳಿದದ್ದೆಲ್ಲ ಆಮೇಲೆ. ಇಲ್ಲಿ ಇನ್ನೂ ಒಂದು ಕಾರಣವಿದೆ. 20 ಡಿಗ್ರಿ ಬೆಚ್ಚಗಿರುವ ಒಂದು ಲೀಟರ್ ನೀರು ಸುಮಾರು 2 ಕೆಜಿ ಸಕ್ಕರೆ ಕರಗಿಸಿಕೊಳ್ಳುತ್ತದೆ. ಶುದ್ಧ ಆಲ್ಕೋಹಾಲಿನಲ್ಲಿ ಸಕ್ಕರೆ ಕರಗುವುದೇ ಇಲ್ಲ ಅನ್ನಬಹುದು. ರಮ್ಮಿನಲ್ಲಿ ಅರ್ಧಕ್ಕೆ ಹತ್ತಿರ ಆಲ್ಕೋಹಾಲ್, ಮೇಲೆ ಐಸಿನ ತಂಪು. ಶನಿವಾರದ ಸಕ್ಕರೆ ತಳದಲ್ಲಿ ಕೂತದ್ದರಲ್ಲಿ ಆಶ್ಚರ್ಯವಿಲ್ಲ.

ಸೋಡಾ ಉಕ್ಕಿದ್ದೂ ಅದೇ ಸಕ್ಕರೆಯಿಂದ. ಕರಗದ ಕಾಳುಗಳ ಒರಟು ಮೈಯಲ್ಲಿ, ಜಜ್ಜಿದ ಎಲೆಯ ಚೂರುಗಳಲ್ಲಿ ಗಾಳಿಯ ಸಣ್ಣ ಗುಳಿಗಳಿರುತ್ತವೆ. ಸೋಡಾದೊಳಗಿನ ಅನಿಲ ಹೊರಬರಲು ಹುಡುಕುವುದು ಅಂಥ ಜಾಗವನ್ನೇ. ಗುಳ್ಳೆ ಹುಟ್ಟುವ ಜಾಗ ಹೆಚ್ಚಾದಷ್ಟೂ ಅನಿಲ ಬೇಗ ಖಾಲಿ. ನಾವು ಲೋಟದ ತುಂಬ ಗುಳ್ಳೆಗೆ ಮನೆ ಕಟ್ಟಿಕೊಟ್ಟು, ಆಮೇಲೆ ಸೋಡಾ ಸುರಿದೆವು.

ಗುರುವಾರ

ಸೋಡಾದ ಬಗ್ಗೆ ಒಂದು ಹಳೆಯ ಗೊಂದಲ ಇವತ್ತು ಬಗೆಹರಿಯಿತು. ಎಷ್ಟೋ ವರ್ಷದ ಹಿಂದೆ ಮಾನಸ ಸರೋವರದ ಯಾತ್ರೆಗೆ ಹೋಗಿದ್ದೆ. ಎತ್ತರಕ್ಕೆ ತಲೆ ಸುತ್ತಬಾರದೆಂದು ಅಸಿಟಾಜೋಲಮೈಡ್ ಮಾತ್ರೆ ಕೊಟ್ಟಿದ್ದರು. ದಾರಿಯಲ್ಲಿ ಯಾರೋ ಕೊಟ್ಟ ಸೋಡಾ ಕುಡಿದರೆ ಬರೀ ನೀರು. ಗುಳ್ಳೆ ಕಣ್ಣಿಗೆ ಕಾಣುತ್ತಿತ್ತು, ಬಾಯಿಗೆ ಚುರುಕು ಇರಲಿಲ್ಲ. ಹಳೇ ಸೋಡಾ ಇರಬೇಕು ಅಂದುಕೊಂಡು ಸುಮ್ಮನಾಗಿದ್ದೆ.

ಸೋಡಾ ಕುಟುಕುವುದು ಗುಳ್ಳೆ ಒಡೆಯುವುದರಿಂದಲ್ಲವಂತೆ. ನಾಲಿಗೆಯ ಮೇಲೆ ಹುಳಿಯನ್ನು ಗುರುತಿಸುವ ಕೋಶಗಳಲ್ಲಿ ಒಂದು ಕಿಣ್ವ ಇದೆ, ಅದು ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಬದಲಿಸುತ್ತದೆ. ಆ ಆಮ್ಲವೇ ಚುರುಕು. ಅಸಿಟಾಜೋಲಮೈಡ್ ಕೆಲಸ ಮಾಡುವುದು ಅಂಥ ಕಿಣ್ವವನ್ನು ತಡೆದೇ. ಬೆಟ್ಟ ಹತ್ತುವವರಲ್ಲಿ ಅನೇಕರಿಗೆ ಈ ಅನುಭವ ಆಗಿದೆಯಂತೆ. ಅಂದು ಸೋಡಾ ಸರಿಯಾಗೇ ಇತ್ತು, ಬದಲಾಗಿದ್ದದ್ದು ನನ್ನ ನಾಲಿಗೆ. ಕೊಟ್ಟವರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡೆ.

ಇನ್ನೊಂದು ಸಂಗತಿ. ಒಂದು ಲೀಟರ್ ನೀರು ಸೊನ್ನೆ ಡಿಗ್ರಿಯಲ್ಲಿ ಸುಮಾರು 3.3 ಗ್ರಾಂ ಈ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ, 20 ಡಿಗ್ರಿಯಲ್ಲಿ ಅದರ ಅರ್ಧದಷ್ಟು. ಬಿಸಿಲಿಗಿಟ್ಟ ಸೋಡಾ ಬಾಟಲಿ ತೆರೆದರೆ ಬುಸ್ಸೆನ್ನುವುದು ಅದಕ್ಕೇ. ಸೋಡಾ ಫ್ರಿಜ್ಜಿನಲ್ಲಿರಬೇಕು, ಕಡೇ ಗಳಿಗೆಯಲ್ಲಿ ತೆರೆಯಬೇಕು, ಲೋಟದ ಅಂಚಿನಿಂದ ಇಳಿಬಿಡಬೇಕು. ಶನಿವಾರ ನಮ್ಮ ಸೋಡಾ ಕಟ್ಟೆಯ ಮೇಲೆ ಒಲೆಯ ಪಕ್ಕದಲ್ಲಿತ್ತು.

ಎರಡನೇ ಶನಿವಾರ

ಈ ಸಲ ಕುಟ್ಟಾಣಿ ಬೇಡವೆಂದೆ. ಲಟ್ಟಣಿಗೆಯ ತುದಿ ಸಾಕು. ಲೋಟದಲ್ಲಿ ಸಕ್ಕರೆ, ನಿಂಬೆರಸ ಹಾಕಿ ಕಾಳು ಕಾಣದ ಹಾಗೆ ಕರಗಿಸಿದೆವು. ಪುದೀನದ ಕುಡಿಗಳನ್ನು ಕಡ್ಡಿಸಮೇತ ಬಿಟ್ಟು, ಮಗುವಿನ ತಲೆಗೆ ಎಣ್ಣೆ ಒತ್ತುವಷ್ಟೇ ಭಾರ ಹಾಕಿ ಐದಾರು ಸಲ ಒತ್ತಿದ. ಎಲೆ ಮೆತ್ತಗಾಯಿತು, ಹರಿಯಲಿಲ್ಲ. ವಾಸನೆ ನಡುಮನೆಯವರೆಗೆ ಹೋಯಿತು.

ಐಸಿನ ಹತ್ತಿರ ನಾನು ತಡೆದೆ. ಲೋಟದ ತುಂಬ ಐಸ್ ಹಾಕಿದರೆ ನೀರು ನೀರಾಗುವುದಿಲ್ಲವೇ? ಅವನು ಎರಡು ಲೋಟ ತೆಗೆದುಕೊಂಡು ಒಂದಕ್ಕೆ ಎರಡು ತುಂಡು, ಇನ್ನೊಂದಕ್ಕೆ ಅಂಚಿನವರೆಗೆ ತುಂಬಿದ. ಗಡಿಯಾರ ನೋಡಿಕೊಂಡು ಕೂತೆವು. ಕಾಲು ಗಂಟೆಗೆ ಎರಡು ತುಂಡು ಪೂರಾ ಕರಗಿ, ಆ ಲೋಟ ಬೆಚ್ಚಗಾಗತೊಡಗಿತ್ತು. ತುಂಬಿದ ಲೋಟದ ಹೊರಮೈಯಲ್ಲಿ ಇನ್ನೂ ಬೆವರು, ಒಳಗೆ ಐಸ್ ಗಟ್ಟಿಯಾಗೇ ಇತ್ತು. ಪಾನೀಯವನ್ನು ಸೊನ್ನೆಯ ಹತ್ತಿರ ತರಲು ಎಷ್ಟು ಐಸ್ ಕರಗಬೇಕೋ ಅಷ್ಟು ಕರಗುತ್ತದೆ. ಆಮೇಲೆ ಹೊರಗಿನ ಶಾಖ ಮಾತ್ರ ಅದನ್ನು ಕರಗಿಸಬೇಕು. ಐಸ್ ಕಡಿಮೆಯಿದ್ದರೆ ಅದು ಅಷ್ಟು ದೂರ ಹೋಗುವುದೇ ಇಲ್ಲ, ನಡುವೆಯೇ ಮುಗಿಯುತ್ತದೆ. ಜೊತೆಗೆ ಸೋಡಾದ ಜೀವವೂ ಹೋಗುತ್ತದೆ. ಕಣ್ಣಾರೆ ನೋಡಿ ಒಪ್ಪಿಕೊಂಡೆ.

ರುಚಿ ತುಂಬ ಸುಧಾರಿಸಿತ್ತು. ಆದರೂ ಒಂದು ಕಹಿ ಎಳೆ ಉಳಿದಿತ್ತು. ನಿಂಬೆಯ ಮೇಲೆ ಅನುಮಾನ ಬಂತು. ರಸ ಹಿಂಡಿದ ಹೋಳುಗಳನ್ನೂ ಲೋಟಕ್ಕೆ ಹಾಕಿ ಅವನು ಒತ್ತಿದ್ದ. ಸಿಪ್ಪೆಯ ಒಳಗಿನ ಬಿಳಿ ಪದರದ ಕಹಿ ಉಪ್ಪಿನಕಾಯಿ ಹಾಕುವವರಿಗೆ ಗೊತ್ತು. ಅದು ಇಳಿಯಲು ವಾರಗಟ್ಟಲೆ ಉಪ್ಪಿನಲ್ಲಿ ಕಾಯಬೇಕು.

ಭಾನುವಾರ

ನಮ್ಮ ತೆಳುಸಿಪ್ಪೆಯ ಸಣ್ಣ ನಿಂಬೆಯೂ, ಕ್ಯಾರಿಬಿಯನ್ ಕಡೆಯ ಸಣ್ಣ ನಿಂಬೆಯೂ ಒಂದೇ ಜಾತಿ. ಅಮೆರಿಕದವರು ಅದನ್ನೇ ಕೀ ಲೈಮ್ ಅನ್ನುತ್ತಾರೆ. ಆ ದ್ವೀಪಗಳಿಗೆ ನಿಂಬೆಜಾತಿಯ ಬೀಜ, ಕಬ್ಬು ಎರಡೂ ಹೋದದ್ದು 1493ರಲ್ಲಿ, ಕೊಲಂಬಸ್ಸನ ಎರಡನೇ ಯಾನದ ಹಡಗುಗಳಲ್ಲಿ. ಸಕ್ಕರೆಗೆ ಸ್ಪ್ಯಾನಿಷ್ ಮಾತು ಅಸುಕಾರ್. ನಮ್ಮ ‘ಶರ್ಕರಾ’ ಪರ್ಷಿಯನ್, ಅರಬ್ಬಿ ಬಾಯಿಗಳನ್ನು ದಾಟಿ ಹಾಗಾದದ್ದು. ಇಂಡಿ ಊರಿನ ನಿಂಬೆ, ಮಂಡ್ಯದ ಸಕ್ಕರೆ ತಂದು ಮೊಹಿತೊ ಮಾಡಿದರೆ ಎರವಲು ವಸ್ತು ಅನ್ನಿಸಬೇಕಾಗಿಲ್ಲ.

ಆದರೆ ಕ್ಯೂಬಾದ ಕಬ್ಬಿನ ಗದ್ದೆಯ ಕಥೆ ಸಿಹಿಯದಲ್ಲ. ಆಫ್ರಿಕಾದಿಂದ ಹಿಡಿದು ತಂದ ಜನ ಅಲ್ಲಿ ಗುಲಾಮರಾಗಿ ಕಬ್ಬು ಕಡಿದರು. ಅಲ್ಲಿ ಗುಲಾಮಗಿರಿ ನಿಂತದ್ದು 1886ರಲ್ಲಿ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಹುಳಿಯಿಸಿ ಬಟ್ಟಿ ಇಳಿಸಿದರೆ ರಮ್. ಅದು ಬಹಳ ಕಾಲ ಗಂಟಲು ಸುಡುವ ಒರಟು ಪೇಯವಾಗಿತ್ತು. ನಿಂಬೆ, ಸಕ್ಕರೆ, ಸೊಪ್ಪು ಸೇರಿಸುವ ಅಭ್ಯಾಸ ಅದನ್ನು ಕುಡಿಯುವ ಹಾಗೆ ಮಾಡಲು ಬಂದಿರಬೇಕು ಅಂತ ನನಗೆ ಅನ್ನಿಸುತ್ತದೆ. ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕನ ಕಾಲದಲ್ಲಿ, 1586ರ ಸುಮಾರಿಗೆ, ಹೊಟ್ಟೆನೋವಿಗೆ ಮದ್ದಾಗಿ ಇಂಥದ್ದೇ ಒಂದು ಶುರುವಾಯಿತೆಂಬ ಕಥೆ ಹವಾನಾದಲ್ಲಿ ಪ್ರಸಿದ್ಧ. ಅದು ಕಥೆಯೇ. 1930ರ ದಶಕದಲ್ಲಿ ಸ್ಲಾಪಿ ಜೋಸ್ ಎಂಬ ಹವಾನಾದ ಬಾರು ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿ ಮೊಹಿತೊ ಹೆಸರು ಬಂದಿದೆ. ಅಮೆರಿಕದಲ್ಲಿ ಪಾನನಿಷೇಧವಿದ್ದ 1920ರಿಂದ 1933ರವರೆಗೆ ಅಲ್ಲಿಯ ಜನ ಹವಾನಾಕ್ಕೆ ದಂಡುಗಟ್ಟಿ ಬರುತ್ತಿದ್ದರು.

ಹೆಸರಿನ ಮೂಲಕ್ಕೂ ಜಗಳವಿದೆ. ಮೊಹೊ ಎಂಬ ಹುಳಿಗೊಜ್ಜಿನಿಂದ ಬಂತು ಅನ್ನುವವರು ಕೆಲವರು, ‘ಒದ್ದೆ’ ಎಂಬ ಅರ್ಥದ ಮೊಹಾದೊ ಪದದಿಂದ ಅನ್ನುವವರು ಕೆಲವರು. ಇಲ್ಲಿಯ ಜ್ಯೂಸ್ ಅಂಗಡಿಯ ಬೋರ್ಡಿನಲ್ಲಿ ‘ಮೊಜಿಟೊ’ ಅಂತಿದೆ. ಸ್ಪ್ಯಾನಿಷ್‌ನಲ್ಲಿ ಜೆ ಅಕ್ಷರಕ್ಕೆ ಹಕಾರದ ಉಚ್ಚಾರ.

ಹವಾನಾದ ಲಾ ಬೊದೆಗೀತಾ ದೆಲ್ ಮೆದಿಯೊ ಎಂಬ ಹೋಟೆಲಿನ ವೀಡಿಯೊ ತೋರಿಸಿದರು. 1942ರಲ್ಲಿ ಒಂದು ದಿನಸಿ ಅಂಗಡಿಯಾಗಿ ಶುರುವಾದ ಜಾಗವಂತೆ. ಕಟ್ಟೆಯ ಮೇಲೆ ಹತ್ತು ಹನ್ನೆರಡು ಲೋಟ ಸಾಲಾಗಿ ನಿಂತಿವೆ. ಸಕ್ಕರೆ, ನಿಂಬೆರಸ, ಪುದೀನ ಮೊದಲೇ ಬಿದ್ದಿದೆ. ಮೊಹಿತೊ ಮಾಡುವಾತ ಕೋಲು ಹಿಡಿದು ಒಂದೊಂದರಲ್ಲೂ ಮೂರು ನಾಲ್ಕು ಸಲ ಒತ್ತಿ ಮುಂದೆ ಹೋಗುತ್ತಾನೆ. ಜಜ್ಜುವುದಿಲ್ಲ. ಆ ಕೈ ನೋಡಲೆಂದೇ ವೀಡಿಯೊ ನಾಲ್ಕು ಸಲ ಹಾಕಿಸಿದೆ. ಮಣಿಕಟ್ಟು ಸಡಿಲ, ತೋಳು ಅಲ್ಲಾಡುವುದೇ ಇಲ್ಲ. ಮೈಸೂರಿನಲ್ಲಿ ನಮ್ಮ ಅತ್ತೆಯವರು ಕಡೆಗೋಲು ಹಿಡಿಯುತ್ತಿದ್ದದ್ದು ಹೀಗೇ.

ಮಂಗಳವಾರ

ಹುಡುಗನ ಸ್ನೇಹಿತ ಒಬ್ಬ ಕಪ್ಪು ರಮ್ಮಿನಲ್ಲಿ ಮಾಡಿದನಂತೆ, ಪುದೀನ ಗೊತ್ತೇ ಆಗಲಿಲ್ಲವಂತೆ. ಓಲ್ಡ್ ಮಂಕ್‌ನಂಥ ಕಪ್ಪು ರಮ್ಮಿನಲ್ಲಿ ವೆನಿಲಾ, ಸುಟ್ಟ ಸಕ್ಕರೆಯ ವಾಸನೆ ಜೋರು. ಆ ಜೋರಿನ ಮುಂದೆ ಎಲೆ ನಿಲ್ಲುವುದಿಲ್ಲ. ಬಿಳಿ ರಮ್ಮನ್ನೂ ಪೀಪಾಯಿಯಲ್ಲಿಟ್ಟು, ಇದ್ದಿಲಿನಲ್ಲಿ ಸೋಸಿ ಬಣ್ಣ ತೆಗೆಯುತ್ತಾರೆ ಅನ್ನುವುದು ನನಗೆ ಹೊಸದು. ನೀರಿನ ಬಣ್ಣದ್ದು ಎಳೆಯದು ಅಂದುಕೊಂಡಿದ್ದೆ.

ಆ ಬಗೆಯ ಹಗುರ ರಮ್ಮಿಗೆ ಹೆಸರಾದವನು ಫಕುಂದೊ ಬಕಾರ್ದಿ. 1862ರಲ್ಲಿ ಕ್ಯೂಬಾದ ಸಾಂತಿಯಾಗೊ ಊರಿನಲ್ಲಿ ಬಟ್ಟಿಮನೆ ತೆರೆದ. ಅದರ ಜಂತೆಗಳಲ್ಲಿ ಬಾವಲಿಗಳಿದ್ದವು, ಆದ್ದರಿಂದ ಬಾಟಲಿಯ ಮೇಲೆ ಬಾವಲಿ ಅನ್ನುತ್ತಾರೆ. 1960ರಲ್ಲಿ ಕ್ಯಾಸ್ಟ್ರೊ ಸರ್ಕಾರ ಬಟ್ಟಿಮನೆ ವಶಪಡಿಸಿಕೊಂಡ ಮೇಲೆ ಆ ಮನೆತನದ ವ್ಯಾಪಾರ ಕ್ಯೂಬಾ ಬಿಟ್ಟಿತು. ಆ ಕಂಪನಿಯ ಭಾರತದ ಘಟಕ ನಂಜನಗೂಡಿನಲ್ಲಿದೆ. ನಾವು ಶ್ರೀಕಂಠೇಶ್ವರನ ದರ್ಶನಕ್ಕೆ ಹೋಗುವ, ರಸಬಾಳೆ ತರುವ ಊರು. ನಮ್ಮೂರಿನಿಂದ ಒಂದು ಗಂಟೆಯ ದಾರಿಯೂ ಅಲ್ಲ. ಎಷ್ಟು ಸಲ ಹೋಗಿದ್ದೇನೆ, ಈ ವಿಷಯ ಕಿವಿಗೆ ಬಿದ್ದಿರಲಿಲ್ಲ.

ಬುಧವಾರ

ಒಂದು ಚಿಂತೆ ಮನಸ್ಸಿನಲ್ಲಿತ್ತು, ಇವತ್ತು ಹೇಳಿಬಿಟ್ಟೆ. ಹುಳಿ, ಸಿಹಿ, ತಂಪು, ಪರಿಮಳ ನಾಲ್ಕೂ ಸೇರಿ ರಮ್ಮನ್ನು ಮುಚ್ಚಿಡುತ್ತವೆ. ಬಾಯಾರಿಕೆಗೆ ಕುಡಿದ ಹಾಗೆ ಕುಡಿದುಬಿಡಬಹುದು. ನಮ್ಮಲ್ಲಿಯ ರಮ್ಮಿನಲ್ಲಿ ನೂರಕ್ಕೆ 42.8 ಪಾಲು ಆಲ್ಕೋಹಾಲ್. 45 ಎಂಎಲ್ ಅಂದರೆ ಸುಮಾರು 15 ಗ್ರಾಂ ಶುದ್ಧ ಆಲ್ಕೋಹಾಲ್. ಇಷ್ಟು ಕುಡಿದರೆ ಸುರಕ್ಷಿತ ಅನ್ನುವ ಪ್ರಮಾಣ ಇಲ್ಲ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. “ಬಾಟಲಿಯಿಂದ ಸುರೀಬೇಡ ಕಣೋ, ಅಳೆದು ಹಾಕು. ಒಂದಕ್ಕೆ ನಿಲ್ಲಿಸು” ಅಂದೆ. ಅವನು ಎದುರಾಡಲಿಲ್ಲ. “ಹಾಗೇ ಮಾಡ್ತೀನಿ ದೊಡ್ಡಮ್ಮ” ಅಂದ. ಸಂಜೆಯೇ ಅಳತೆಯ ಬಟ್ಟಲು ತಂದ.

ಮೂರನೇ ಶನಿವಾರ

ನಿಂಬೆಯನ್ನು ಅಂಗೈ ಕೆಳಗೆ ಉರುಳಿಸಿ, ಅಡ್ಡಡ್ಡ ಕೊಯ್ದು, ಬೀಜ ತೆಗೆದು, ರಸವನ್ನಷ್ಟೇ ಹಿಂಡಿದೆವು. ಸಿಪ್ಪೆ ಹೊರಗೇ ಉಳಿಯಿತು. ನನ್ನ ಲೋಟದ ಪುದೀನವನ್ನು ನಾನೇ ಒತ್ತುತ್ತೇನೆ ಅಂದೆ. ಲಟ್ಟಣಿಗೆಯನ್ನು ಎರಡು ಬೆರಳಲ್ಲಿ ಹಿಡಿದು, ಅದರ ತೂಕವನ್ನೇ ಎಲೆಯ ಮೇಲೆ ಬಿಟ್ಟೆ. ನಾಲ್ಕನೇ ಸಲಕ್ಕೆ ನಿಂಬೆರಸದ ಮೇಲೆ ಎಣ್ಣೆಯ ತೆಳು ಹೊಳಪು ಕಂಡಿತು. ಅಲ್ಲಿಗೆ ನಿಲ್ಲಿಸಿದೆ.

ಐಸ್ ತುಂಬಿ, ತಣ್ಣನೆಯ ಸೋಡಾವನ್ನು ಅಂಚಿನಿಂದ ಇಳಿಬಿಟ್ಟೆ. ಉಕ್ಕಲಿಲ್ಲ. ನೀರು ತಿಳಿಯಾಗಿತ್ತು, ಎಲೆ ಹಸಿರಾಗೇ ಇತ್ತು. ಎಲೆಯ ಅಂಚಿನಲ್ಲಿ ಒಂದೇ ಜಾಗದಿಂದ ದಾರ ಪೋಣಿಸಿದ ಹಾಗೆ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಮೇಲಿಡುವ ಕುಡಿಯನ್ನು ಎರಡು ಅಂಗೈ ನಡುವೆ ಒಂದು ಸಲ ತಟ್ಟಿ ಸಿಕ್ಕಿಸಿದಳು ಸೊಸೆ. ತುಟಿ ತಾಗುವ ಮೊದಲೇ ಮೂಗಿಗೆ ಬಂತು. ಕಹಿ ಇರಲಿಲ್ಲ. ರಮ್ ಹಾಕಿದ ಲೋಟದಲ್ಲೂ ಇಲ್ಲ ಅಂತ ಇಬ್ಬರೂ ಹೇಳಿದರು.

ಸೋಮವಾರ

ಮೊದಲ ವಾರ ಎಲೆ ಬಿಡಿಸಿದ ಮೇಲೆ ಉಳಿದ ಪುದೀನದ ಕಡ್ಡಿಗಳನ್ನು ಎಸೆಯಲು ಮನಸ್ಸಾಗದೆ ಉಪ್ಪಿನಕಾಯಿ ಬಾಟಲಿಯಲ್ಲಿ ನೀರಿಗೆ ಹಾಕಿ ಕಿಟಕಿಯಲ್ಲಿಟ್ಟಿದ್ದೆ. ಗಿಣ್ಣುಗಳಿಂದ ಬಿಳಿ ಬೇರು ಇಳಿದಿದೆ, ತುದಿಯಲ್ಲಿ ಉಗುರಿನಷ್ಟು ಹೊಸ ಎಲೆ ಬಂದಿದೆ. ಸೊಸೆ ಮೂರನ್ನು ಕುಂಡಕ್ಕೆ ನೆಟ್ಟಳು. ಒಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟಳು, ನಾಳೆ ಮೈಸೂರಿಗೆ.

ಹೊರಡುವ ಮೊದಲು ಆ ಉಗುರಿನಷ್ಟು ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಬಲಿತ ಎಲೆಯಲ್ಲಿ ದೂರದೂರವಿದ್ದ ಚುಕ್ಕಿಗಳು ಇದರಲ್ಲಿ ಒತ್ತೊತ್ತಾಗಿ, ರಾಗಿ ಚೆಲ್ಲಿದ ಹಾಗಿವೆ. ಎಲೆ ಇಷ್ಟು ಚಿಕ್ಕದಿರುವಾಗಲೇ ಅಷ್ಟೊಂದು ಹುಟ್ಟಿಬಿಟ್ಟಿವೆ, ಆಮೇಲೆ ಎಲೆ ಅಗಲವಾಗುತ್ತ ಅವು ದೂರವಾಗುತ್ತವೆ. ಬೆರಳು ಸವರಲಿಲ್ಲ.